ಎದುರಿನ ಗೋಡೆ

ಕೋಣೆಯ ನಡುವೆ ನಿಂತು ಅವನು ಒಂದು ಚಪ್ಪಾಳೆ ತಟ್ಟಿದ. ಏನೂ ಮರಳಿ ಬರಲಿಲ್ಲ. ಇನ್ನೊಂದು ತಟ್ಟಿದ, ಸ್ವಲ್ಪ ಜೋರಾಗಿ. ಅಂಗೈ ಚುರುಗುಟ್ಟಿತೇ ಹೊರತು ಸದ್ದು ಹುಟ್ಟಿದಲ್ಲೇ ಮುಗಿದುಹೋಯಿತು. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ವರ್ಷದ ಆರಂಭದಲ್ಲಿ ಇದೇ ಜಾಗದಲ್ಲಿ ಹೀಗೇ ತಟ್ಟಿದ್ದಾಗ ಎರಡು ಬರಿಗೋಡೆಗಳ ನಡುವೆ ಸದ್ದು ಸಿಕ್ಕಿಹಾಕಿಕೊಂಡು, ಟಣಟಣವೆಂದು ಆಚೀಚೆ ಓಡಾಡಿ, ಸಾಕಾಗಿ ನಿಂತಿತ್ತು. ಆಮೇಲೆ ಅವನು ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದ. ಅವುಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲವೆಂದು ಎಲ್ಲೋ ಓದಿ ಕಿತ್ತಿದ್ದ. ಕಿತ್ತ ಕಡೆಯೆಲ್ಲ ಬಣ್ಣ ಎದ್ದುಬಂದು, ಆ ಕಲೆಗಳನ್ನು ಮುಚ್ಚುವುದಕ್ಕೆಂದೇ ಮೊದಲ ರಜಾಯಿಯನ್ನು ತೂಗುಹಾಕಿದ್ದ. ರಜಾಯಿಯ ರುಚಿ ಹತ್ತಿತು. ಒಂದಾದ ಮೇಲೊಂದು ಮನೆಯ ಹೊದಿಕೆಗಳು ಗೋಡೆ ಏರಿದವು. ಕಿಟಕಿಗೆ ಹಳೆಯ ಹಾಸಿಗೆ, ಬಾಗಿಲಿಗೆ ಎರಡು ಕಂಬಳಿ, ನೆಲಕ್ಕೆ ಜಮಖಾನ, ಸೂರಿಗೆ ಫೋಮ್ ಶೀಟು. ಹೆಂಡತಿ ಕೋಣೆಗೆ ಹತ್ತಿಮೂಟೆ ಎಂದು ಹೆಸರಿಟ್ಟಳು. "ಸದ್ಯ, ನಾನು ಹೊದ್ದಿರೋ ಶಾಲೊಂದು ಉಳ್ಸಿದೀರಲ್ಲ, ಪುಣ್ಯ," ಎಂದು ಚಳಿಯ ದಿನಗಳಲ್ಲಿ ಅವಳು ಹೇಳುತ್ತಿದ್ದುದು ತಮಾಷೆಯೋ ಸಿಟ್ಟೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ.

ನಿಶ್ಶಬ್ದವೆಂದರೆ ಏನೆಂಬುದು ಅವನಿಗೆ ಕಸುಬಿನಿಂದಲೇ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವನು ಅವನು. ಅಲ್ಲೊಂದು ದಪ್ಪ ಬಾಗಿಲಿನ ಚಿಕ್ಕ ಬೂತ್. ಅದರೊಳಗೆ ರೋಗಿ, ಗಾಜಿನ ಹೊರಗೆ ಇವನು. ರೋಗಿಯ ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಸದ್ದು ಕೇಳಿದರೆ ಒತ್ತಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಇಷ್ಟು ಸುಲಭದ ಕೆಲಸದಲ್ಲೂ ಜನ ಸುಳ್ಳು ಹೇಳುತ್ತಾರೆ. ಇವನು ಯಾವ ಸದ್ದನ್ನೂ ಕಳಿಸದೆ ಸುಮ್ಮನೆ ಕುಳಿತಿದ್ದಾಗಲೂ ಗಾಜಿನಾಚೆಯವರು ಗುಂಡಿ ಒತ್ತುತ್ತಾರೆ. ಒತ್ತಿ, ಸರಿಯಾಯಿತೇ ಎನ್ನುವಂತೆ ಇವನ ಮುಖ ನೋಡುತ್ತಾರೆ. ಮೋಸ ಮಾಡುವ ಉದ್ದೇಶವಲ್ಲ ಅದು, ಎದುರಿಗಿರುವವನಿಗೆ ಬೇಸರವಾಗದಿರಲಿ ಎಂಬ ಸಂಕೋಚ. ಆ ಮುಖಗಳು ಅವನಿಗೆ ಎಷ್ಟು ಪರಿಚಿತವೆಂದರೆ ಕನಸಿನಲ್ಲಿ ಕಂಡರೂ ಗುರುತಿಸಿಯಾನು. ಬೂತಿನೊಳಗೆ ಕಾಲಿಟ್ಟೊಡನೆ ಹಲವರು ಕಿವಿ ಉಜ್ಜಿಕೊಂಡು, "ಕಿವಿ ಕಟ್ಟಿದಂಗಾಯ್ತಲ್ಲ ಸಾರ್," ಎನ್ನುತ್ತಾರೆ. "ಅದು ಹಾಗೇ, ಅಭ್ಯಾಸ ಆಗುತ್ತೆ," ಎನ್ನುತ್ತಾನೆ ಇವನು. ಮನೆಯ ಈ ಕೋಣೆಯನ್ನು ಮಾಡುವಾಗಲೂ ಅವನ ಕಣ್ಣ ಮುಂದೆ ಇದ್ದುದು ಆ ಬೂತೇ. ಒಳ್ಳೆಯ ಕೋಣೆಯೆಂದರೆ ಏನನ್ನೂ ಹಿಂತಿರುಗಿಸದ ಕೋಣೆ. ಅದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಅಕ್ಕ ಬರುವ ಹೊತ್ತಾಗಿತ್ತು. ಮೈಕಿನ ಎತ್ತರವನ್ನು ಮತ್ತೊಮ್ಮೆ ಸರಿಮಾಡಿದ. ಬುಧವಾರ ಅಕ್ಕನ ಗಂಟಲಿನ ಆಪರೇಷನ್. ಥೈರಾಯ್ಡಿನಲ್ಲೊಂದು ಗಂಟು; ಕೆಟ್ಟದ್ದಲ್ಲ, ಆದರೆ ಇರಿಸಿಕೊಳ್ಳುವಂಥದ್ದೂ ಅಲ್ಲ. ಧ್ವನಿಯ ನರ ಅದರ ಪಕ್ಕದಲ್ಲೇ ಹಾಯುತ್ತದೆ, ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಎಲ್ಲೋ ಕೆಲವರಿಗೆ ಮೇಲಿನ ಸ್ವರಗಳು ಹೋಗುತ್ತವೆ ಎಂದು ಸರ್ಜನ್ ಹೇಳಿದ್ದರು. ಸರ್ಜನ್ ಅವನಿಗೆ ದಿನಾ ಕಾರಿಡಾರಿನಲ್ಲಿ ಸಿಗುವ ಮನುಷ್ಯ. ಅವರ ಬಾಯಲ್ಲಿ 'ಸಾಮಾನ್ಯವಾಗಿ' ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದ, ಎಂದೂ ಅದು ಚುಚ್ಚಿರಲಿಲ್ಲ. ಅಕ್ಕ ಶಿಶುವಿಹಾರದ ಟೀಚರು. ಮಕ್ಕಳಿಗೆ ಚಪ್ಪಲಿ ಹಾಕಿಸುವುದಕ್ಕೊಂದು, ಕೈ ತೊಳೆಸುವುದಕ್ಕೊಂದು, ಅಳು ನಿಲ್ಲಿಸುವುದಕ್ಕೊಂದು ಎಂದು ತಾನೇ ಕಟ್ಟಿ, ತಾನೇ ರಾಗ ಹಾಕಿ ಹಾಡಿಕೊಂಡು ಬಂದ ಹಾಡುಗಳು ಅವಳಲ್ಲಿದ್ದವು. ಎಲ್ಲೂ ಬರೆದಿಟ್ಟಿಲ್ಲ, ಯಾರೂ ಹಿಡಿದಿಟ್ಟಿಲ್ಲ. ವರ್ಷದ ಆರಂಭದಲ್ಲಿ, ಗಂಟಿನ ವಿಷಯವೇ ಗೊತ್ತಿಲ್ಲದಾಗ, ಅವಳೇ ಒಮ್ಮೆ ನಾಚಿಕೊಂಡು ಕೇಳಿದ್ದಳು, "ಪುಟ್ಟ, ಆ ಹಾಡುಗಳನ್ನ ಸುಮ್ನೆ ಮೊಬೈಲಲ್ಲಿ ಹಿಡ್ಕೊಳೋಕಾಗುತ್ತೇನೋ?" "ಮೊಬೈಲಲ್ಲಾ? ಛೇ, ಮಾಡೋದಾದ್ರೆ ನೆಟ್ಟಗೆ ಮಾಡೋಣ ಅಕ್ಕ," ಎಂದಿದ್ದ ಇವನು. ನೆಟ್ಟಗೆ ಮಾಡುತ್ತ ಮಾಡುತ್ತ ವರ್ಷ ಅರ್ಧ ಕಳೆಯಿತು. ಅಕ್ಕನ ಧ್ವನಿ ಆಗಲೇ ಸ್ವಲ್ಪ ಒಡೆಯತೊಡಗಿತ್ತು. ಅದನ್ನು ಮೊದಲು ಗಮನಿಸಿದವನೂ ಇವನೇ, ಆಸ್ಪತ್ರೆಗೆ ಕರೆದೊಯ್ದವನೂ ಇವನೇ. ಅದಕ್ಕೆ ಎಲ್ಲರೂ ಇವನನ್ನು ಹೊಗಳಿದ್ದರು.

ಬಾಗಿಲ ಹತ್ತಿರ ಮಾತು ಕೇಳಿಸಿತು. ಅಕ್ಕ ಬಂದವಳೇ ಹೆಂಡತಿಯ ಕೈಹಿಡಿದು ನಗುತ್ತಿದ್ದಳು. ಕುತ್ತಿಗೆಗೆ ಒಂದು ಸ್ಕಾರ್ಫ್ ಸುತ್ತಿಕೊಂಡಿದ್ದಳು. ಈಚೆಗೆ ಸೆಕೆಯಿದ್ದರೂ ಅದು ಇರುತ್ತಿತ್ತು.

"ಬನ್ನಿ ಅತ್ತಿಗೆ, ಹತ್ತಿಮೂಟೆ ನಿಮಗೋಸ್ಕರ ಕಾಯ್ತಾ ಕೂತಿದೆ," ಎಂದಳು ಹೆಂಡತಿ.

"ಏನೇನೋ ಅನ್ಬೇಡ ಕಣೇ. ಪಾಪ, ನಂಗೋಸ್ಕರ ಎಷ್ಟು ಒದ್ದಾಡಿದಾನೆ," ಎಂದು ಅಕ್ಕ ಒಳಗೆ ಬಂದು, ಕತ್ತೆತ್ತಿ ಸೂರು ನೋಡಿ, ಗೋಡೆಗಳನ್ನು ನೋಡಿದಳು. ಕಿವಿಯ ಹತ್ತಿರ ಕೈ ಹೋಯಿತು, ಅರ್ಧದಲ್ಲೇ ಇಳಿಯಿತು. "ಚೆನ್ನಾಗಿ ಮಾಡಿದೀಯ ಕಣೋ. ಎಷ್ಟು ಬೆಚ್ಚಗಿದೆ."

ಹೇಳಿ ಅವನ ಮುಖ ನೋಡಿದಳು. ಆ ನೋಟ ಅವನಿಗೆ ಗೊತ್ತಿತ್ತು, ಎಲ್ಲಿ ಕಂಡದ್ದೆಂದು ಮಾತ್ರ ಆ ಕ್ಷಣಕ್ಕೆ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವೆಂದು ಅವನೇ ಬೇಗಬೇಗ ಮಾತಾಡತೊಡಗಿದ. ಮೈಕಿನಿಂದ ಒಂದು ಗೇಣು ದೂರ ನಿಲ್ಲಬೇಕು, ತಲೆ ಆಡಿಸಬಾರದು, ತಾಳಕ್ಕೆಂದು ಕಾಲು ಕುಟ್ಟಬಾರದು, ಉಸಿರು ಎಳೆದುಕೊಳ್ಳುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಅಕ್ಕ ಎಲ್ಲಕ್ಕೂ ಹೂಂಗುಟ್ಟಿದಳು. ಬಾಳೆಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ತಾನೇ ಸಾಲಿನಲ್ಲಿ ನಿಂತವಳಂತೆ ಕೈ ಕಟ್ಟಿಕೊಂಡು ನಿಂತಳು. ಅವನು ಮೂಲೆಯ ಮೇಜಿನ ಹಿಂದೆ ಕುಳಿತು, ಹೆಡ್‌ಫೋನ್ ಏರಿಸಿ, ರೆಕಾರ್ಡಿಂಗ್ ಶುರುಮಾಡಿ, ಕೈಸನ್ನೆ ಮಾಡಿದ. ಅಕ್ಕ ಚಪ್ಪಲಿಯ ಹಾಡು ಎತ್ತಿಕೊಂಡಳು. ಎಡ ಯಾವುದು, ಬಲ ಯಾವುದು, ಎರಡೂ ಜಗಳ ಆಡಬಾರದು ಎಂದು ಅದು ಕೆಳಗಿನಿಂದ ಶುರುವಾಗಿ, ಮಗು ಎದ್ದುನಿಂತಂತೆ ಒಮ್ಮೆಗೇ ಮೇಲಕ್ಕೆ ಹಾರಬೇಕು. ಹಾರುವ ಜಾಗಕ್ಕೆ ಬಂದಾಗ ಅಕ್ಕನ ಹುಬ್ಬು ಗಂಟಿಕ್ಕಿತು. ಇನ್ನಷ್ಟು ಒತ್ತು ಕೊಟ್ಟಳು. ಕುತ್ತಿಗೆಯ ನರ ಉಬ್ಬಿತು. ಮತ್ತೂ ಒತ್ತಿದಳು, ಸ್ವರ ಬಿರುಕುಬಿಟ್ಟಿತು, ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹಾಡಿದಳು, ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲ ಆ ಜಾಗಕ್ಕೆ ಬರುವ ಮೊದಲೇ ಧ್ವನಿ ಹೆದರಿ ನಿಂತುಬಿಟ್ಟಿತು.

"ಹೋಗಿದೆ ಕಣೋ ಪುಟ್ಟ," ಎಂದಳು ಅಕ್ಕ ಮೆಲ್ಲಗೆ. "ಮೇಲಿಂದು ಆಗ್ಲೇ ಹೋಗಿದೆ. ನಂಗೇ ಕೇಳಿಸ್ತಾ ಇಲ್ಲ."

ಹೆಡ್‌ಫೋನಿನಲ್ಲಿ ಅವನಿಗೆ ಎಲ್ಲ ಕೇಳಿಸಿತ್ತು. ಮೊದಲ ಸಲ ಆ ಸ್ವರ ಬಂದಿತ್ತು, ಸ್ವಲ್ಪ ಒರಟಾಗಿ, ಆದರೆ ಬಂದಿತ್ತು. ಅದು ಅಕ್ಕನಿಗೆ ಮುಟ್ಟಿರಲಿಲ್ಲ ಅಷ್ಟೆ. ರಜಾಯಿ ಕಂಬಳಿಗಳು ಎಲ್ಲ ಸದ್ದನ್ನೂ ಒಂದೇ ಸಮ ನುಂಗುವುದಿಲ್ಲ; ತಗ್ಗಿನ ಸ್ವರಗಳನ್ನು ಹಾಗೇ ಬಿಟ್ಟು ಮೇಲಿನವನ್ನಷ್ಟೇ ತಿನ್ನುತ್ತವೆ. ಅಕ್ಕನ ಬಾಯಿಂದ ಹೊರಟ ಎತ್ತರದ ಸ್ವರ ಗೋಡೆ ಮುಟ್ಟಿ ಅವಳ ಕಿವಿಗೆ ತಿರುಗಿ ಬರಬೇಕಾದ ದಾರಿಯಲ್ಲೇ ಮಾಯವಾಗುತ್ತಿತ್ತು. ಬರಲಿಲ್ಲವೆಂದುಕೊಂಡು ಅವಳು ಗಂಟಲು ಹಿಂಡುತ್ತಿದ್ದಳು, ಹಿಂಡಿದ್ದಕ್ಕೇ ಅದು ಒಡೆಯುತ್ತಿತ್ತು. ಇಷ್ಟೂ ಅವನಿಗೆ ಒಂದೇ ಗಳಿಗೆಯಲ್ಲಿ ಹೊಳೆಯಿತು. ದಿನಾ ಜನರ ಕಿವಿಯಲ್ಲಿ ಮೇಲಿನ ಸದ್ದು ಮೊದಲು ಸಾಯುವುದನ್ನು ಅಳೆದು ಕೊಡುವವನಿಗೆ ಹೊಳೆಯದೆ ಇನ್ನೇನು? ಹೊಳೆದದ್ದನ್ನು ಹೇಳಬೇಕಿತ್ತು. ಆದರೆ ಬಾಯಿಂದ ಬಂದ ಮಾತು ಬೇರೆ.

"ಸ್ವಲ್ಪ ಬಿಸಿನೀರು ಕುಡಿ ಅಕ್ಕ. ಗಂಟಲು ಒಣಗಿದೆ ಅನ್ಸುತ್ತೆ."

ಅಕ್ಕ ವಿಧೇಯಳಾಗಿ ನೀರು ಕುಡಿದಳು. ಸ್ಕಾರ್ಫನ್ನು ಸಡಿಲಿಸಿ ಬೆರಳಿಂದ ಗಂಟಲು ಮುಟ್ಟಿಕೊಂಡಳು. ಅಲ್ಲಿ ಏನೋ ತಪ್ಪುಮಾಡಿದೆ, ಅದನ್ನು ತಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬಂತಿತ್ತು ಆ ಮುಟ್ಟುವ ರೀತಿ. ಅವನು ಚಿಕ್ಕವನಿದ್ದಾಗ ಜ್ವರ ಬಂದರೆ ಅಕ್ಕ ಹೀಗೇ ಅವನ ಹಣೆ ಮುಟ್ಟುತ್ತಿದ್ದಳು, ಅಂಗೈಯಿಂದಲ್ಲ, ಬೆರಳ ಹಿಂಬದಿಯಿಂದ. ಅಮ್ಮ ಕೆಲಸದಿಂದ ಬರುವವರೆಗೆ ಅವನಿಗೆ ಅಕ್ಕನೇ ಅಮ್ಮ. ಅವಳಿಗೂ ಆಗ ಆಡುವ ವಯಸ್ಸೇ. ಒಮ್ಮೆ ಅವನು ಅವಳ ಕೈಗಡಿಯಾರ ಬಿಚ್ಚಿ ಹಾಳುಮಾಡಿದ್ದಾಗ, ನನ್ನ ಕೈಯಿಂದಲೇ ಬಿತ್ತು ಎಂದು ಅಪ್ಪನಿಗೆ ಹೇಳಿ ಬೈಸಿಕೊಂಡಿದ್ದಳು. ಈಗಲೂ ಅದೇ ನಡೆಯುತ್ತಿದೆ, ಅವನ ಕೋಣೆಯ ತಪ್ಪನ್ನು ಅಕ್ಕ ತನ್ನ ಗಂಟಲಿಗೆ ಹಾಕಿಕೊಂಡು ಬೈಸಿಕೊಳ್ಳುತ್ತಿದ್ದಾಳೆ, ಅವನು ಮೇಜಿನ ಹಿಂದೆ ಸುಮ್ಮನೆ ಕುಳಿತಿದ್ದಾನೆ. ವಯಸ್ಸು ಐವತ್ತರ ಹತ್ತಿರ ಬಂತು, ತಲೆಯ ಕೂದಲು ಅರ್ಧ ಹೋಯಿತು, ಇಷ್ಟಾದರೂ ಕಲಿತದ್ದು ಇದೇ ಏನು ಎಂದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

"ಪಾಪ, ನಿನ್ನ ಕಷ್ಟ ಎಲ್ಲ ದಂಡ ಆಯ್ತಲ್ಲೋ," ಎಂದಳು ಅಕ್ಕ. "ಇಷ್ಟು ಚೆನ್ನಾಗಿ ರೂಮು ಮಾಡಿದೀಯ, ಹಾಡೋಳೇ ನೆಟ್ಟಗಿಲ್ಲ. ಬೇಜಾರು ಮಾಡ್ಕೋಬೇಡ. ಒಂಥರಾ ಒಳ್ಳೇದೇ ಆಯ್ತು ಬಿಡು. ಬುಧವಾರ ಏನಾಗುತ್ತೋ ಅಂತ ನಿದ್ದೆ ಇರ್ಲಿಲ್ಲ ನಂಗೆ. ಆಗ್ಲೇ ಹೋಗಿದೆ ಅಂದ್ಮೇಲೆ ಭಯ ಯಾಕೆ?"

ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗಲಿಲ್ಲ. ಹೆಂಡತಿ ಕಾಫಿ ತಂದವಳು ಬಾಗಿಲಲ್ಲೇ ನಿಂತು ಇಬ್ಬರ ಮುಖವನ್ನೂ ನೋಡಿದಳು.

"ಏನಾಯ್ತು ಅತ್ತಿಗೆ?"

"ಧ್ವನಿ ಏಳ್ತಾ ಇಲ್ಲ ಕಣೇ."

"ಅಯ್ಯೋ, ಈ ರೂಮಲ್ಲಿ ಯಾರ ಧ್ವನಿ ಏಳುತ್ತೆ? ಮೊನ್ನೆ ಇವರನ್ನ ಊಟಕ್ಕೆ ಕರೆಯೋಕೆ ಬಂದೆ, ನಾನು ಕೂಗಿದ್ದು ನಂಗೇ ಕೇಳಿಸ್ಲಿಲ್ಲ. ಯಾರೋ ಬಾಯಿ ಮುಚ್ಚಿದಂಗಾಯ್ತು."

"ನಿಂಗೇನ್ ಗೊತ್ತು? ಸುಮ್ನಿರು," ಎಂದ ಅವನು. ಮಾತು ಅವನೆಣಿಸಿದ್ದಕ್ಕಿಂತ ಒರಟಾಗಿ ಬಂತು. ಅಕ್ಕ ಕೂಡಲೇ, "ಅವಳನ್ನ ಯಾಕೋ ಗದರ್ತೀಯ? ರೂಮು ಚೆನ್ನಾಗೇ ಇದೆ," ಎಂದು ಮತ್ತೆ ಅವನ ಮುಖ ನೋಡಿದಳು. ಈ ಸಲ ಅವನಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಗಾಜಿನಾಚೆ ಕುಳಿತು, ಸದ್ದೇ ಬರದಿದ್ದರೂ ಗುಂಡಿ ಒತ್ತಿ, ಸರಿಯಾಯಿತೇ ಎಂದು ನೋಡುವವರ ಮುಖ ಅದು. ಅಂಥವರಿಗೆ ಅವನು ಎಷ್ಟು ತಾಳ್ಮೆಯಿಂದ, "ಪರವಾಗಿಲ್ಲ, ಕೇಳಿಸ್ದೇ ಇದ್ರೆ ಕೇಳಿಸ್ಲಿಲ್ಲ ಅನ್ನಿ," ಎನ್ನುತ್ತಿದ್ದ! ಆ ತಾಳ್ಮೆಗೆ ಆಸ್ಪತ್ರೆಯಲ್ಲಿ ಅವನು ಹೆಸರುವಾಸಿ. ಅಕ್ಕ ಬಾಗಿಲೊಳಗೆ ಕಾಲಿಟ್ಟಾಗಲೇ ಕಿವಿಯ ಹತ್ತಿರ ಕೈ ಒಯ್ದದ್ದನ್ನು ಅವನು ಕಂಡಿದ್ದ. ಕಂಡೂ ಕಾಣದಂತೆ ಮೈಕಿನ ವಿಷಯ ಮಾತಾಡಿದ್ದ. ಯಾಕೆಂದರೆ ಈ ಕೋಣೆ ಅವನಿಗೆ ಬೇಕಾಗಿತ್ತು, ಹೀಗೆಯೇ ಬೇಕಾಗಿತ್ತು. ದಿನವಿಡೀ ಕಿವಿಯೊಳಗೆ ಪೀ ಎನ್ನುವ ಸದ್ದು ಕಳಿಸಿ, ಕೇಳಿಸದವರ ಹತ್ತಿರ ಗಂಟಲು ಹರಿದುಕೊಂಡು ಕೂಗಿ ಮನೆಗೆ ಬಂದವನು, ಅಕ್ಕನ ರೆಕಾರ್ಡಿಂಗಿಗೆಂದು ಹೇಳಿಕೊಂಡು ಇದರೊಳಗೆ ಬಂದು ಬಾಗಿಲು ಹಾಕಿ ನೆಲದ ಮೇಲೆ ಮಲಗುತ್ತಿದ್ದ. ಹೆಂಡತಿಯ ಕರೆ ಇಲ್ಲ, ಫೋನಿಲ್ಲ, ರಸ್ತೆಯ ಹಾರ್ನಿಲ್ಲ. ಆ ನೆಮ್ಮದಿಗೆ ಇನ್ನೊಂದು ರಜಾಯಿ, ಮತ್ತೊಂದು ರಜಾಯಿ. ಅಕ್ಕ ಫೋನು ಮಾಡಿ, "ಯಾವಾಗ ಬರ್ಲೋ?" ಎಂದಾಗಲೆಲ್ಲ, "ಇನ್ನೂ ಒಂಚೂರು ಕೆಲಸ ಇದೆ ಅಕ್ಕ," ಎಂದಿದ್ದ. ಅಷ್ಟೂ ತಿಂಗಳು ಅಕ್ಕನಿಗೆ ಪೂರ್ತಿ ಧ್ವನಿಯಿತ್ತು. ಅದನ್ನು ಅವನು ತನ್ನ ನೆಮ್ಮದಿಗೆ ಖರ್ಚು ಮಾಡಿಬಿಟ್ಟಿದ್ದ.

"ಅಕ್ಕಾ," ಎಂದ. "ಕೆಟ್ಟಿರೋದು ನಿನ್ನ ಗಂಟಲಲ್ಲ. ನನ್ನ ರೂಮು."

"ಸಮಾಧಾನಕ್ಕೆ ಹೇಳ್ಬೇಡ್ವೋ. ಎಲ್ರೂ ಅದನ್ನೇ ಮಾಡ್ತಿದಾರೆ."

"ಸಮಾಧಾನ ಅಲ್ಲ. ಮೊದಲ್ನೇ ಸಲಾನೇ ಬಂದಿತ್ತು, ನಾನು ಕೇಳ್ದೆ. ನಿಂಗೆ ಕೇಳಿಸ್ಲಿಲ್ಲ, ಯಾಕಂದ್ರೆ ಈ ಹಾಳು ಹೊದಿಕೆಗಳು ಅದನ್ನ ತಿಂದ್ಹಾಕಿದ್ವು. ನಂಗೆ ಆಗ್ಲೇ ಗೊತ್ತಾಯ್ತು. ಗೊತ್ತಿದ್ದೂ ನೀರು ಕುಡಿ ಅಂದೆ."

ಈ ಕೋಣೆಯಲ್ಲಿ ಮೌನ ಎಷ್ಟು ಕೆಟ್ಟದಾಗಿರುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಕ್ಕ ಅವನನ್ನು ದಿಟ್ಟಿಸುತ್ತಲೇ ಇದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಎದ್ದುಹೋಗಿ ಅಕ್ಕನ ಎದುರಿನ ಗೋಡೆಯ ರಜಾಯಿಯನ್ನು ಹಿಡಿದೆಳೆದ. ಮೊಳೆಗಳು ಒಂದೊಂದೇ ಕಿತ್ತು ಬಂದವು, ಧೂಳು ಎದ್ದಿತು, ಮೊಟ್ಟೆ ಟ್ರೇಯ ಅಂಟಿನ ಕಲೆಗಳು ಬಯಲಾದವು.

"ರೀ, ಮೆಲ್ಲಗೆ! ಅದು ನಮ್ಮ ಮದುವೇದು!" ಎಂದಳು ಹೆಂಡತಿ.

"ನಿಧಾನ ಕಣೋ, ಹರಿದೀತು," ಎಂದು ಅಕ್ಕ ಮುಂದೆ ಬಂದು ಇನ್ನೊಂದು ತುದಿ ಹಿಡಿದಳು. ಕೆಳಗಿಳಿಸಿದ್ದನ್ನು ಹಾಗೇ ಬಿಡಲು ಅವಳಿಂದಾಗದು. ಒಂದೊಂದನ್ನೂ ಹೆಂಡತಿಯ ಜೊತೆ ಎದುರುಬದುರು ನಿಂತು, ಮೂಲೆಗೆ ಮೂಲೆ ಕೂಡಿಸಿ ಮಡಚಿ, ಹೊರಗಿನ ಬೆಂಚಿನ ಮೇಲೆ ಪೇರಿಸಿದಳು. ಮಡಚುತ್ತ ಮಡಚುತ್ತ ಇಬ್ಬರೂ ಏನೋ ಪಿಸುಗುಟ್ಟಿ ನಕ್ಕರು, ಅವನ ವಿಷಯವೇ ಇರಬೇಕು. ನಗಲಿ ಎನ್ನಿಸಿತು. ಎಲ್ಲವನ್ನೂ ಕೀಳುವುದು ಬೇಡವೆಂದು ಅವನಿಗೆ ಗೊತ್ತಿತ್ತು. ಅಕ್ಕನ ಬೆನ್ನ ಹಿಂದಿನ ದಪ್ಪ ರಜಾಯಿ ಇರಲಿ, ಮೈಕಿಗೆ ಹಿಂದಿನಿಂದ ಸದ್ದು ನುಗ್ಗದಂತೆ. ಒಂದು ಮೂಲೆಗೆ ಕಿಟಕಿಯ ಹಾಸಿಗೆಯನ್ನು ಸುತ್ತಿ ನಿಲ್ಲಿಸಿದರೆ ತಗ್ಗಿನ ಗುಂಯ್ ಸ್ವಲ್ಪ ಅಡಗುತ್ತದೆ. ಎಡಗಡೆಯ ಗೋಡೆಗೆ ಪುಸ್ತಕದ ಕಪಾಟನ್ನು ಮೂವರೂ ಸೇರಿ ತಳ್ಳಿ ತಂದರು. ಉಬ್ಬುತಗ್ಗಾಗಿ ನಿಂತ ಪುಸ್ತಕಗಳಿಗೆ ತಗುಲಿದ ಸದ್ದು ಟಣಟಣ ಎನ್ನದೆ ಚದುರಿ ಬರುತ್ತದೆ. ಎದುರಿನ ಗೋಡೆ ಮಾತ್ರ ಪೂರಾ ಬರಿದಾಗಿರಲಿ. ಕಿಟಕಿಯ ಹಾಸಿಗೆ ತೆಗೆದಾಗ ಬೆಳಕು ಬಂತು, ಜೊತೆಗೆ ಕೆಳಗೆ ಯಾರೋ ಗಾಡಿ ತೊಳೆಯುವ ಸದ್ದೂ ಬಂತು. ಈ ಎಲ್ಲ ಅವನಿಗೆ ಮೊದಲೇ ಗೊತ್ತಿದ್ದ ವಿದ್ಯೆ. ಮಾಡಲು ಒಂದು ಬೆಳಗೂ ಹಿಡಿಯಲಿಲ್ಲ.

"ಈಗ ಒಂದು ಚಪ್ಪಾಳೆ ತಟ್ಟು ಅಕ್ಕ."

ತಟ್ಟಿದಳು. ಸದ್ದು ಎದುರಿನ ಗೋಡೆಯವರೆಗೆ ಹೋಗಿ, ಕಪಾಟನ್ನು ಸವರಿಕೊಂಡು ಬಂದಿತು. ಅಕ್ಕನ ಮುಖದಲ್ಲಿ ಏನೋ ಸಡಿಲವಾಯಿತು. ಅವನು ಹೇಳುವುದಕ್ಕೂ ಕಾಯದೆ ಚಪ್ಪಲಿಯ ಹಾಡು ಎತ್ತಿಕೊಂಡಳು. ಹಾರುವ ಜಾಗದಲ್ಲಿ ಹುಬ್ಬು ಗಂಟಿಕ್ಕಲಿಲ್ಲ. ಸ್ವರ ಮೇಲಕ್ಕೆ ಹೋಯಿತು, ಒಂದು ಎಳೆಯಷ್ಟು ಒರಟಾಗಿ, ಹೋಗಿ ನಿಂತಿತು. ಬೆಚ್ಚಿದವಳಂತೆ ಅಕ್ಕ ಹಾಡು ನಿಲ್ಲಿಸಿ ಗಂಟಲಿಗೆ ಕೈಯಿಟ್ಟುಕೊಂಡಳು.

"ಇದೆ ಕಣೋ!" ಎಂದಳು. "ಇನ್ನೂ ಇದೆ!" ಆಮೇಲೆ ಗಂಟಲ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಇದೆ ಎಂದ ಮೇಲೆ ಬುಧವಾರದ ಭಯವೂ ಮರಳಿ ಬಂತು. ಹೋಗಿದೆ ಎಂದಾಗ ಸಿಕ್ಕಿದ್ದ ಸಮಾಧಾನವನ್ನು ಅವನು ಕಿತ್ತುಕೊಂಡಿದ್ದ. "ಬೇಗ ಬೇಗ ಹಿಡ್ಕೋ," ಎಂದಳು. "ಸುಸ್ತಾಗೋ ಮುಂಚೆ ಎಲ್ಲ ಹಾಡ್ಬಿಡ್ತೀನಿ."

ಹಾಡಿದಳು. ಚಪ್ಪಲಿಯದು, ಕೈ ತೊಳೆಯುವುದು, ಅಳುವವರದು, ಹಲ್ಲು ಬಿದ್ದವರದು. ತಲೆ ಆಡಿಸಿದಳು, ಕಾಲು ಕುಟ್ಟಿದಳು, ಮೈಕಿಗೆ ಎದುರಾಗಿಯೇ ಉಸಿರೆಳೆದಳು. ಅವನು ಯಾವುದನ್ನೂ ತಡೆಯಲಿಲ್ಲ. ಕೆಳಗೆ ಗಾಡಿ ತೊಳೆಯುವವನು ಬಕೆಟ್ ಉರುಳಿಸಿದ್ದೂ ಒಂದು ಹಾಡಿನೊಳಗೆ ಸೇರಿತು. ಹೆಂಡತಿ ಬಾಗಿಲಿಗೊರಗಿ ಕಾಫಿ ಆರಿಹೋದದ್ದನ್ನೂ ಮರೆತು ನಿಂತಿದ್ದಳು. ಕೊನೆಯದೊಂದು ಉಳಿದಿತ್ತು. "ಇದು ಬೆಳಿಗ್ಗೆ ಹಾಜರಿ ಹಾಕೋವಾಗ ಹಾಡೋದು," ಎಂದು ಅಕ್ಕ ನೀರು ಕುಡಿದು ಶುರುಮಾಡಿದಳು.

ಕಿಟಕಿ ತೆಗೆದೆ, ಬೆಳಕಾಯ್ತು,
ಯಾರು ಯಾರು ಬಂದಿದ್ದೀರಿ?

ನಿಲ್ಲಿಸಿದಳು. ಪರದೆಯ ಮೇಲೆ ಧ್ವನಿಯ ಗೆರೆ ನೆಲಕಚ್ಚಿ ಓಡತೊಡಗಿತು. ಮರೆತಿರಬೇಕೆಂದು ಅವನು ಮುಂದುವರಿಸು ಎನ್ನುವಂತೆ ಕೈಯಾಡಿಸಿದ. ಅಕ್ಕ ಮುಂದುವರಿಸಲಿಲ್ಲ. ಹುಬ್ಬೇರಿಸಿಕೊಂಡು ಅವನನ್ನೇ ನೋಡುತ್ತ ನಿಂತಳು, ಉತ್ತರ ಬರುವವರೆಗೆ ಕದಲದ ಟೀಚರು. ಆಗ ಅರ್ಥವಾಯಿತು. ಇದನ್ನು ಒಬ್ಬರೇ ಹಾಡಲಾಗದು. ಅವನ ಮೈ ಬಿಸಿಯಾಯಿತು. ಅವನು ಹಾಡುವವನಲ್ಲ. ಶಾಲೆಯ ಹಾಡಿನ ತಂಡದಲ್ಲಿ, ನೀನು ಬಾಯಿ ಮಾತ್ರ ಆಡಿಸಪ್ಪ, ಸದ್ದು ಬೇಡ ಎಂದು ಎಲ್ಲರೆದುರು ಹೇಳಿಸಿಕೊಂಡ ಮೇಲೆ, ಸ್ನಾನದ ಮನೆಯಲ್ಲೂ ಅವನ ಬಾಯಿಂದ ಒಂದು ಸ್ವರ ಹೊರಟಿರಲಿಲ್ಲ. ಇದು ರೆಕಾರ್ಡಾಗುತ್ತಿದೆ, ಹಾಳಾಗುತ್ತದೆ, ಬುಧವಾರದ ಆಚೆ ಏನಾದರೂ ಆದರೆ ಇದೊಂದೇ ಉಳಿಯುವುದು. ಅಕ್ಕ ಕಾಯುತ್ತಲೇ ಇದ್ದಳು.

"ನಾನಿದ್ದೀನಿ," ಎಂದ ಅವನು, ಹಾಡಿದಂತೆಯೂ ಅಲ್ಲ, ಮಾತಾಡಿದಂತೆಯೂ ಅಲ್ಲ.

"ಹಿಂದೆ ಕೂತೋರಿಗೂ ಕೇಳಿಸ್ಬೇಕು," ಎಂದಳು ಅಕ್ಕ. "ಜೋರಾಗಿ." ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಧ್ವನಿ ಮೇಲೇರಿ, ಅಲ್ಲೇ ತುಸು ನಡುಗಿ, ಅವನಿಗಾಗಿ ನಿಂತಿತು. ಅವನು ಹೆಡ್‌ಫೋನ್ ತೆಗೆದಿಟ್ಟು, ಮೇಜಿನ ಹಿಂದಿನಿಂದ ಎದ್ದುಬಂದು ಅಕ್ಕನ ಎದುರು ನಿಂತ.

ಯಾರು ಯಾರು ಬಂದಿದ್ದೀರಿ?

"ನಾನಿದ್ದೀನೀ," ಎಂದು ಗಂಟಲು ಬಿಚ್ಚಿ ಹಾಡಿದ. ಅಪಸ್ವರ. ಎಷ್ಟು ಅಪಸ್ವರವೆಂದರೆ ಬಾಗಿಲಲ್ಲಿದ್ದ ಹೆಂಡತಿ ಫಕ್ಕನೆ ನಕ್ಕಳು, ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಕಣ್ಣೊರೆಸಿಕೊಳ್ಳಲಿಲ್ಲ, ನಿಲ್ಲಿಸಲೂ ಇಲ್ಲ. ಅವನ ಆ ಸ್ವರದ ಬೆನ್ನಿಗೇ ಮುಂದಿನ ಸಾಲು ಹಿಡಿದು, ಮತ್ತೆ ಕೇಳಿದಳು. ಅವನು ಇನ್ನೂ ಜೋರಾಗಿ ಹೇಳಿದ.